ಪಿಕಪ್‌ನಲ್ಲಿ ಮನೆ ಸಾಮಾನು: ಘಾಟಿ ಇಳಿಯೋ ಮುನ್ನ ಇಷ್ಟು ನೋಡ್ಕೊಳ್ಳಿ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಮನೆ ಶಿಫ್ಟ್ ಮಾಡ್ತಿದ್ದೀರಾ? ಲೋಡ್ ತುಂಬುವ ಮೊದಲೇ ಬ್ರೇಕ್ ಚೆಕ್ ಮಾಡಿಸಿ. ಹಳೇ ಬ್ರೇಕ್ ಆಯಿಲ್‌ನಲ್ಲಿ ನೀರಿನಂಶ ಸೇರಿರುತ್ತೆ. ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಹಿಡಿದರೆ ಅದು ಕಾದು ಕುದಿಯುತ್ತೆ, ಆಮೇಲೆ ಪೆಡಲ್ ತುಳಿದರೂ ಗಾಡಿ ನಿಲ್ಲಲ್ಲ. ಹತ್ತುವಾಗ ಬೇಕಾಗುವ ಗೇರ್‌ನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸೋ ಆಟ ಬೇಡ.

ಬೀರು, ಫ್ರಿಜ್ ಕ್ಯಾಬಿನ್ ಕಡೆಗೆ ಇರಲಿ. ಹಾಸಿಗೆ, ಪ್ಲಾಸ್ಟಿಕ್ ಸಾಮಾನು ಮೇಲೆ. ಭಾರವೆಲ್ಲ ಹಿಂದಕ್ಕೆ ಹೋದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳಲ್ಲ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಜಾಕ್, ಸ್ಪ್ಯಾನರ್ ಕ್ಯಾಬಿನ್‌ನಲ್ಲೇ ಇಟ್ಕೊಳ್ಳಿ, ಇಲ್ಲಾಂದ್ರೆ ಪಂಕ್ಚರ್ ಆದಾಗ ಇಡೀ ಮನೇನೇ ರಸ್ತೆಗೆ ಇಳಿಸಬೇಕಾಗುತ್ತೆ! ಹತ್ತು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಹಗ್ಗ ಮತ್ತೆ ಬಿಗಿ ಮಾಡಿ. ಸಾಮಾನು ಕುಲುಕಿ ಸಡಿಲ ಆಗಿರುತ್ತೆ.