ಸಿಸಿಲಿಯನ್: ಕಪ್ಪು ಕಾಯಿಯವನು ಯಾವ ದಾರಿ ನಂಬಬೇಕು?

ಕುಂದಾಪುರ, ಬೈಂದೂರು, ಬ್ರಹ್ಮಾವರ ಅಂತ ಶಾಲಾ ಟೂರ್ನಮೆಂಟಿಗೆ ಓಡಾಡುವ ಚೆಸ್ ಹುಡುಗರನ್ನು ಮಾತಾಡಿಸಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಕಪ್ಪಲ್ಲಿ ಸಿಸಿಲಿಯನ್ ಆಡುಕೆ ಯಾವ್ದ್ ಲಾಯ್ಕ್? ನಂಬುವಂಥದ್ ಒಂದ್ ಹೇಳಿ ಮಾರಾಯ್ರೆ" ಅಂತ. ಇದಕ್ಕೆ ಪುಸ್ತಕಕ್ಕಿಂತ ಇತಿಹಾಸವೇ ಒಳ್ಳೆಯ ಉತ್ತರ ಕೊಡುತ್ತದೆ ಅಂತ ನನಗನ್ನಿಸುತ್ತದೆ. ಚೆಸ್ ಗೊತ್ತಿಲ್ಲದವರು ಹೆದರಬೇಡಿ, ನಡೆಗಳ ಉದ್ದ ಪಟ್ಟಿ ಇಲ್ಲಿಲ್ಲ :)

ಚದುರಂಗ ನಮಗೆ ಹೊಸತಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲೇ ಅದರ ವಿವರ ಇದೆ. ಆದರೆ ನಮ್ಮ ಹಳೆಯ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಹಾಗಾಗಿ ಸಿಸಿಲಿಯನ್ ಅಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಅದು ಶುರುವಾಗುವುದೇ ಎರಡು ಮನೆಯ ಜಿಗಿತದಿಂದ. ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುತ್ತಾನೆ. ಕಪ್ಪಿನವನು ಅದಕ್ಕೆ ಎದುರಾಗಿ ನಿಲ್ಲದೆ, ಮಂತ್ರಿಯ ಬದಿಯ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುತ್ತಾನೆ. ನಡುಮನೆಗಳಿಗೆ ಬದಿಯಿಂದ ಕಣ್ಣು ಹಾಕುವ ಉಪಾಯ.

ಇಟಲಿಯ ಪೊಲೇರಿಯೋ 1594ರ ಹೊತ್ತಿಗೇ ಈ ನಡೆಯನ್ನು ಬರೆದಿಟ್ಟಿದ್ದ. 1617ರಲ್ಲಿ ಪುಸ್ತಕ ತಂದ ಪಾದ್ರಿ ಕರೇರಾ ಸಿಸಿಲಿಯವನು, ಹೆಸರು ಬಂದದ್ದು ಆ ನಂಟಿನಿಂದ. 1834ರಲ್ಲಿ ಲಂಡನ್ನಿನಲ್ಲಿ ಲಾ ಬೂರ್ಡೊನೆ ಕಪ್ಪು ಕಾಯಿಯಲ್ಲಿ ಇದನ್ನೇ ಆಡಿ ಮೆಕ್‌ಡೊನೆಲ್‌ನನ್ನು ಸೋಲಿಸಿದ ಆಟವೊಂದಿದೆ. ಕೊನೆಗೆ ಮೂರು ಕಪ್ಪು ಕಾಲಾಳುಗಳು ಅಕ್ಕಪಕ್ಕ, ಮಂತ್ರಿಯಾಗಲು ಒಂದೇ ಮನೆ ಬಾಕಿ! ಆದರೂ 19ನೇ ಶತಮಾನದ ಕೊನೆಗೆ ದೊಡ್ಡ ಆಟಗಾರರಲ್ಲಿ ಇದಕ್ಕೆ ಮರ್ಯಾದೆ ಕಮ್ಮಿಯಾಗಿತ್ತು.

ಮತ್ತೆ ಬೆಲೆ ಬಂದದ್ದು ಕಳೆದ ಶತಮಾನದಲ್ಲಿ. ನಮ್ಮ ಗಂಗೊಳ್ಳಿಯ ಹಾಗೆ ಹಾಲೆಂಡಿನ ಶೆವೆನಿಂಗನ್ ಕೂಡ ಮೀನುಗಾರರ ಊರು. 1923ರಲ್ಲಿ ಅಲ್ಲಿ ನಡೆದ ಟೂರ್ನಮೆಂಟಿನಿಂದ ಒಂದು ಕ್ರಮಕ್ಕೆ ಆ ಊರಿನ ಹೆಸರೇ ಬಿತ್ತು. ನಡುವಿನ ಎರಡು ಕಾಲಾಳುಗಳನ್ನು ಒಂದೊಂದೇ ಮನೆ ಸರಿಸಿ ಗಟ್ಟಿಯಾಗಿ ಕೂರುವುದು. ಇನ್ನು ಭಯವಿಲ್ಲ ಅಂದುಕೊಂಡಿದ್ದಾಗ, 1943ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಪಾಲ್ ಕೆರೆಸ್ ಕುದುರೆಯ ಮುಂದಿನ ಕಾಲಾಳನ್ನು ನೇರ ಎರಡು ಮನೆ ನುಗ್ಗಿಸಿಬಿಟ್ಟ. ಆ ಏಟು ತಪ್ಪಿಸಲೆಂದೇ ಆಮೇಲೆ ಬಹಳ ಜನ ನೈಡಾರ್ಫ್ ಕ್ರಮದಿಂದ ಸುತ್ತಿ ಬಂದು ಅದೇ ಜಾಗಕ್ಕೆ ಸೇರತೊಡಗಿದರು.

ನೈಡಾರ್ಫ್ ಕಥೆಯಂತೂ ಸಿನಿಮಾ ಆಗಬೇಕಿತ್ತು. ಮಿಗೆಲ್ ನೈಡಾರ್ಫ್ ಪೋಲೆಂಡಿನವನು. 1939ರಲ್ಲಿ ಒಲಿಂಪಿಯಾಡ್ ಆಡಲು ಬ್ಯೂನಸ್ ಐರಿಸ್‌ಗೆ ಹೋಗಿದ್ದಾಗ ಯುದ್ಧ ಶುರುವಾಗಿ ಅಲ್ಲೇ ಉಳಿದ. 1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಂದೇ ದಿನ ಅರ್ಜೆಂಟೀನಾದ ನೈಡಾರ್ಫ್, ಪನ್ನೋ, ಪಿಲ್ನಿಕ್ ಮೂವರೂ ಕಪ್ಪು. ಎದುರಿಗೆ ಸೋವಿಯತ್‌ನ ಕೆರೆಸ್, ಗೆಲ್ಲರ್, ಸ್ಪಾಸ್ಕಿ. ಮೂವರೂ ಮೊದಲೇ ಕೂತು ತಯಾರಿಸಿದ ಒಂದೇ ಹೊಸ ದಾರಿ ಆಡಿದರು. ಗೆಲ್ಲರ್ ಕುದುರೆಯನ್ನೇ ಬಲಿ ಕೊಟ್ಟು ನುಗ್ಗಿದ, ಉಳಿದಿಬ್ಬರೂ ಹಾಗೇ ಮಾಡಿದರು. ಮೂರು ಬೋರ್ಡಿನಲ್ಲೂ ಕಪ್ಪಿಗೆ ಸೋಲು!

ಅಲ್ಲಿಗೆ ಆ ದಾರಿ ಸತ್ತಿತು ಅಂತ ಎಲ್ಲರೂ ತಿಳಿದರು. ಮೂರೇ ವರ್ಷ. 1958ರಲ್ಲಿ ಪೊರ್ತೊರೋಜ್‌ನ ಕೊನೆಯ ಸುತ್ತಿನಲ್ಲಿ 15 ವರ್ಷದ ಹುಡುಗನೊಬ್ಬ ಗ್ಲಿಗೊರಿಚ್ ಎದುರು ಅದೇ ದಾರಿ ಹಿಡಿದ. ಕುದುರೆಯ ಬಲಿ ಬಂದಾಗ ಆನೆಯನ್ನು ಒಂದೇ ಒಂದು ಮನೆ ಮುಂದೆ ಸರಿಸಿ ಆಟವನ್ನು ಡ್ರಾ ಮಾಡಿಕೊಂಡ. ಆ ಹುಡುಗ ಬಾಬಿ ಫಿಷರ್. ಅವನಿಗೂ ತಿರುಗೇಟು ಸಿಕ್ಕಿತು ಅನ್ನಿ. 1972ರ ರೇಕ್ಯಾವಿಕ್ ಪಂದ್ಯದ 11ನೇ ಆಟದಲ್ಲಿ ಇನ್ನೊಂದು ನೈಡಾರ್ಫ್ ದಾರಿಯಲ್ಲಿ ಸ್ಪಾಸ್ಕಿ ಅವನನ್ನು ಸೋಲಿಸಿದ.

ನಮ್ಮ ಆನಂದ್ ಕಥೆ ಗೊತ್ತಲ್ಲ? 1995, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ 107ನೇ ಮಹಡಿ. 9ನೇ ಆಟದಲ್ಲಿ ಕ್ಯಾಸ್ಪರೋವ್‌ನ ಸಿಸಿಲಿಯನ್ ಮುರಿದು ಆನಂದ್ ಗೆದ್ದರು. ಆತ ತನ್ನ ಹಳೆಯ ದಾರಿ ಪಕ್ಕಕ್ಕಿಟ್ಟು 11ನೇ ಆಟದಲ್ಲಿ ಡ್ರಾಗನ್ ತಂದು ಗೆದ್ದ, 13ರಲ್ಲೂ ಗೆದ್ದ. ಇತ್ತ ಸ್ವೆಶ್ನಿಕೋವ್ ದಾರಿಯನ್ನೇ ನೋಡಿ. ನಟ್ಟನಡುವೆ ಎದ್ದು ಕಾಣುವ ತೂತು! ಅಂಥದ್ದನ್ನು ನಂಬಿಕೊಂಡು 2018ರ ಲಂಡನ್ ಪಂದ್ಯದಲ್ಲಿ ಕಾರ್ಲ್‌ಸನ್ ವಿಶ್ವಪಟ್ಟ ಉಳಿಸಿಕೊಂಡ. 12 ಕ್ಲಾಸಿಕಲ್ ಆಟಗಳಲ್ಲಿ ಕರುವಾನಾಗೆ ಒಂದನ್ನೂ ಗೆಲ್ಲಲಾಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ತೂತಿಲ್ಲದ ಸಿಸಿಲಿಯನ್ ಇಲ್ಲ. ತನ್ನ ದಾರಿಯ ತೂತು ಎಲ್ಲಿದೆ ಅಂತ ಎದುರಾಳಿಗಿಂತ ಚೆನ್ನಾಗಿ ತಿಳಿದವನಿಗೆ ಮಾತ್ರ ಅದು ನಂಬಿಕಸ್ಥ. ಅರ್ಜೆಂಟೀನಾದ ಮೂವರೂ ಫಿಷರನೂ ನಡೆದದ್ದು ಒಂದೇ ದಾರಿ. ಫಿಷರ್ ಎದುರಿಗೆ ಆ ಮೂರು ಸೋಲಿನ ಪಾಠ ಇತ್ತು, ಅಷ್ಟೇ ವ್ಯತ್ಯಾಸ. ಹಾಗಾಗಿ ಹುಡುಗರೇ, ಐದಾರು ದಾರಿ ಬಾಯಿಪಾಠ ಮಾಡುವ ಬದಲು ಒಂದನ್ನು ಹಿಡಿಯಿರಿ. ಕಪ್ಪು ಗೆದ್ದ ಆಟ ಆಮೇಲೆ ನೋಡಿದರಾಯಿತು, ಸೋತ ಹತ್ತು ಆಟ ಮೊದಲು ಬೋರ್ಡಿನ ಮೇಲೆ ಇಟ್ಟು ನೋಡಿ.

ಅಂದಹಾಗೆ, ಕಾಲಾಳಿಗೆ ಒಂದೇ ಮನೆ ಅನ್ನುವ ಹಳೆಯ ನಿಯಮದಲ್ಲಿ ಆಡುತ್ತಿದ್ದ ಅಜ್ಜಂದಿರು ನಿಮ್ಮ ಮನೆಯಲ್ಲಿದ್ದರಾ? ಇದ್ದರೆ ಕಮೆಂಟಿನಲ್ಲಿ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.