ದ್ರಾಕ್ಷಿ ಚಪ್ಪರಕ್ಕೆ ಬಂದ ನೆಂಟ

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಗೊಂಚಲಿನ ನಡುವೆ ಹಿಟ್ಟು ಚೆಲ್ಲಿದಂತೆ ಬಿಳಿ ಕಂಡರೆ ರೈತನ ಎದೆ ಧಸಕ್ಕೆನ್ನುತ್ತದೆ. ಅದು ಹಿಟ್ಟು ತಿಗಣೆ. ರಸ ಹೀರಿ ಸಿಹಿ ಅಂಟು ಸುರಿಸುತ್ತದೆ. ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅಂಥ ಗೊಂಚಲನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಔಷಧಿ ಹೊಡೆದರೆ ಮೈಮೇಲಿನ ಮೇಣ ಅದನ್ನು ಕಾಯುತ್ತದೆ. ತೊಗಟೆಯ ಸಂದಿಯಲ್ಲಿ ಅಡಗಿದವಕ್ಕೆ ಔಷಧಿ ತಲುಪುವುದೂ ಕಷ್ಟ.

ಈ ಶತ್ರುವಿಗೆ ಎದುರಾಗಿ ನಿಂತದ್ದು ಕಪ್ಪು ಮೈ, ಕಿತ್ತಳೆ ತಲೆಯ ಒಂದು ಪುಟ್ಟ ಗುಲಗಂಜಿ ಹುಳು. ಹೆಸರು ಕ್ರಿಪ್ಟೊಲೀಮಸ್, ತವರು ಆಸ್ಟ್ರೇಲಿಯಾ. 1891ರಲ್ಲಿ ಆಲ್ಬರ್ಟ್ ಕೊಬೆಲೆ ಅದನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದರು. 1898ರಲ್ಲಿ ಅದು ಭಾರತಕ್ಕೆ ಬಂತು. ಬಂದದ್ದು ದ್ರಾಕ್ಷಿಗಾಗಿ ಅಲ್ಲ, ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು. ಆ ಕೆಲಸದಲ್ಲಿ ಸೋತಿತು. ಆದರೆ ಹಿಟ್ಟು ತಿಗಣೆಗಳನ್ನು ತಿಂದುಕೊಂಡು ದಕ್ಷಿಣ ಭಾರತದಲ್ಲಿ ನೆಲೆ ನಿಂತಿತು. 1967ರಲ್ಲಿ ಆರಂಭವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮುಂದೆ ಇದನ್ನು ಸಾಕಿ ದ್ರಾಕ್ಷಿ ತೋಟಗಳಿಗೆ ಬಿಟ್ಟರು. ಸಾಕುವ ಉಪಾಯ ಸರಳ: ಸಿಹಿಗುಂಬಳಕಾಯಿಯ ಮೇಲೆ ತಿಗಣೆ ಬೆಳೆಸುವುದು, ಅದನ್ನು ತಿನ್ನಲು ಹುಳುವನ್ನು ಬಿಡುವುದು.

ಆದರೆ ಈ ನೆಂಟನಿಗೆ ಒಂದು ಶಾಪವಿದೆ. ಅದರ ಮರಿಹುಳು ಬಿಳಿ ಮೇಣದ ಎಳೆಗಳನ್ನು ಹೊದ್ದು, ನೋಡಲು ಥೇಟ್ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಗುರುತು ಅರಿಯದ ರೈತ ರೋಗ ಹೆಚ್ಚಿತೆಂದು ಗಾಬರಿಯಾಗಿ ಔಷಧಿ ಹೊಡೆದರೆ ಸಾಯುವುದು ಕಾಯಲು ಬಂದವನೇ. ಇನ್ನೊಂದು ಕಡೆ ಇರುವೆಗಳ ಕಾಟ. ಸಿಹಿ ಅಂಟಿನ ಆಸೆಗೆ ಅವು ತಿಗಣೆಗಳಿಗೆ ಕಾವಲು ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತವೆ.

ಇದೇ ಪಾಠ ಮತ್ತೊಮ್ಮೆ ಬಂದದ್ದು ಪಪ್ಪಾಯ ಹಿಟ್ಟು ತಿಗಣೆಯ ರೂಪದಲ್ಲಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಈ ಕೀಟ ಹಿಪ್ಪುನೇರಳೆಗೂ ಹತ್ತಿತು. ವಿಷ ಸೋಕಿದ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ. ಹಾಗಾಗಿ ರೇಷ್ಮೆ ರೈತರು ಔಷಧಿಯನ್ನು ನಂಬುವಂತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಹಾವಳಿಯನ್ನು ತಗ್ಗಿಸಿತು.

ಸಹಜ ಕೀಟ ನಿಯಂತ್ರಣ ಎಂದರೆ ಸುಮ್ಮನೆ ಕೈಕಟ್ಟಿ ಕೂರುವುದಲ್ಲ ಎಂದು ಈ ಚರಿತ್ರೆ ಹೇಳುತ್ತದೆ. ಔಷಧಿಯ ಪಂಪು ಹೆಗಲಿಗೇರುವ ಮುನ್ನ, ಆ ಬಿಳಿಯೊಳಗೆ ಇರುವವರು ಯಾರು ಎಂದು ಬಗ್ಗಿ ನೋಡಬೇಕು.