ಬೂದಿ ದಿಬ್ಬದ ಒಗಟು

ಬಳ್ಳಾರಿಯ ಕಂಟೋನ್ಮೆಂಟ್ ಎಂಬ ಹೆಸರು ಹಳೆಯ ದಂಡಿನ ನೆನಪು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ಮದ್ರಾಸು ಸೇನೆಯ ಪಾಳೆಯ ಬೆಳೆಯಿತು. ಆ ಸೇನೆಯ ಅಧಿಕಾರಿಗಳಲ್ಲಿ ಕೆಲವರಿಗೆ ಕವಾಯತಿನಷ್ಟೇ ಕಲ್ಲು ಮಣ್ಣಿನ ಮೇಲೂ ಆಸಕ್ತಿಯಿತ್ತು. ಅವರಲ್ಲೊಬ್ಬ ಕ್ಯಾಪ್ಟನ್ ನ್ಯೂಬೋಲ್ಡ್. ಬಳ್ಳಾರಿಯಿಂದ ಹೊಸಪೇಟೆಯ ದಾರಿಯಲ್ಲಿರುವ ಕುಡತಿನಿಯ ಬಳಿಯ ಬೂದಿ ದಿಬ್ಬ ಮತ್ತು ಅಂಥ ಇತರ ದಿಬ್ಬಗಳನ್ನು ಕುರಿತು ಆತ ಬರೆದ ಲೇಖನ 1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಂದ ಶುರುವಾದ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ದಿಬ್ಬದಲ್ಲಿ ಕೆಲವೆಡೆ ಮೆತ್ತಗಿನ ಬೂದಿ, ಕೆಲವೆಡೆ ಕರಗಿ ಗಟ್ಟಿಯಾದ ಕಿಟ್ಟದಂಥ ಗಡ್ಡೆ. ಇದೇನು? ಜನರ ಬಳಿ ಉತ್ತರವಿತ್ತು. ಹಂಪಿ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಇಂದಿಗೂ ತೋರಿಸುತ್ತಾರೆ. ಓದಿದವರ ಊಹೆಗಳೂ ಕಡಿಮೆಯಿರಲಿಲ್ಲ. ಜ್ವಾಲಾಮುಖಿ ಎಂದವರುಂಟು, ಕಬ್ಬಿಣ ಕರಗಿಸಿದ ಕಿಟ್ಟ ಎಂದವರುಂಟು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಇವನ್ನು ಹೆಣ ಸುಟ್ಟ ಕುರುಹುಗಳೆಂದು ಭಾವಿಸಿದ್ದ.

ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಬೇರೆ ದಾರಿ ಹಿಡಿದ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದವನು ಇವನೇ. ಬಳ್ಳಾರಿ ಜಿಲ್ಲೆಯ ಭೂರಚನೆ ಕುರಿತ ಇವನ ಗ್ರಂಥ 1895ರಲ್ಲಿ ಹೊರಬಂತು. ಕಲ್ಲು ಹುಡುಕುತ್ತ ಅಲೆದ ಫೂಟ್‌ಗೆ ನುಣುಪು ಕಲ್ಲುಕೊಡಲಿಗಳು, ಮಡಕೆಯ ಚೂರುಗಳು, ದನದ ಮೂಳೆಗಳು ಈ ದಿಬ್ಬಗಳ ನಂಟಿನಲ್ಲೇ ಸಿಕ್ಕವು. ಇವು ನವಶಿಲಾಯುಗದ ದನಗಾಹಿಗಳ ನೆಲೆ, ಬೂದಿ ಸಗಣಿಯದು ಎಂದು ಆತ ತೀರ್ಮಾನಿಸಿದ. ಎಲ್ಲರೂ ಒಪ್ಪಲಿಲ್ಲ. ಸಗಣಿ ಸುಟ್ಟರೆ ಗಾಜಿನಂಥ ಕಿಟ್ಟವಾದೀತೇ ಎಂಬ ಸಂದೇಹ ಉಳಿಯಿತು.

ಸಂದೇಹವನ್ನು ನೀಗಿದ್ದು ಸೂಕ್ಷ್ಮದರ್ಶಕ. ಲಂಡನ್ನಿನ ಎಫ್.ಇ. ಝಾಯ್ನರ್ 1950ರ ದಶಕದ ಕೊನೆಗೆ ಬಳ್ಳಾರಿಯ ದಿಬ್ಬಗಳ ಮಾದರಿಯನ್ನು ಪರೀಕ್ಷಿಸಿ, ಅದರಲ್ಲಿ ಹುಲ್ಲಿನ ಸಿಲಿಕಾ ಕಣಗಳಿರುವುದನ್ನು ತೋರಿಸಿದರು. ದನ ತಿಂದ ಹುಲ್ಲಿನ ಸಿಲಿಕಾ ಸಗಣಿಯಲ್ಲಿ ಉಳಿಯುತ್ತದೆ; ರಾಶಿ ಬಲವಾದ ಬೆಂಕಿಯಲ್ಲಿ ಉರಿದಾಗ ಕ್ಷಾರದೊಡನೆ ಕರಗಿ ಗಾಜಿನಂತಾಗುತ್ತದೆ. ಅದೇ ಹೊತ್ತಿನಲ್ಲಿ, 1957ರಲ್ಲಿ, ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಿದ್ದರು. ಅಲ್ಲಿ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳು ಕಂಡವು. ಜೊತೆಗೆ ದನದ ಗೊರಸಿನ ಗುರುತುಗಳು. ಫೂಟ್‌ನ ಮಾತು ನಿಜವಾಯಿತು.

ಇತ್ತ ಜನ ಬಾಳಿದ ಊರುಗಳ ಶೋಧವೂ ನಡೆದಿತ್ತು. ಬಳ್ಳಾರಿಗೆ ಹತ್ತಿರದ ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಉತ್ಖನನ ಮಾಡಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ ಗುಡ್ಡದ ಮೇಲಿನ ದುಂಡು ಗುಡಿಸಲುಗಳನ್ನು ಗುರುತಿಸಿದರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್, ನಿಕೋಲ್ ಬೋವಿನ್ ಮೊದಲಾದವರು ಸಂಗನಕಲ್ಲಿನ ಮಣ್ಣನ್ನು ನೀರಿಗೆ ಹಾಕಿ, ತೇಲಿಬಂದ ಕರಿಕಾದ ಕಾಳುಗಳನ್ನು ಸೋಸಿದರು. ಹುರುಳಿ, ಹೆಸರು, ಕೊರಲೆ ಸಿಕ್ಕವು. ನಾಲ್ಕು ಸಾವಿರ ವರ್ಷಗಳ ಹಿಂದಿನ ಊಟದ ಸುಳಿವು ಹೀಗೆ ದೊರೆಯಿತು.

ಆದರೂ ಒಂದು ಪ್ರಶ್ನೆ ಉಳಿದೇ ಇದೆ. ಗೊಬ್ಬರಕ್ಕೂ ಒಲೆಗೂ ಬರುವ ಸಗಣಿಯನ್ನು ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟದ್ದೇಕೆ? ಇದು ರಸಾಯನದ ಪ್ರಶ್ನೆಯಲ್ಲ, ಮನುಷ್ಯರ ನಡವಳಿಕೆಯ ಪ್ರಶ್ನೆ. ದನದ ಹಬ್ಬಗಳಲ್ಲಿ ಬೆಂಕಿಗಿರುವ ಸ್ಥಾನವನ್ನು ಆಲ್ಚಿನ್ ನೆನಪಿಸಿದರು. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಉತ್ಖನನ ನಡೆಸಿದ ಕೆ. ಪದ್ದಯ್ಯ, ದಿಬ್ಬಗಳನ್ನು ಬರಿಯ ದೊಡ್ಡಿಯೆನ್ನದೆ ಜನ ನೆಲೆಸಿದ ಊರಿನ ಭಾಗವಾಗಿ ಕಂಡರು. ಚರ್ಚೆ ಮುಗಿದಿಲ್ಲ.

ಈ ಕಥೆಯಲ್ಲಿ ಯಾವೊಂದು ಶಾಸ್ತ್ರವೂ ಒಂಟಿಯಾಗಿ ಗೆದ್ದಿಲ್ಲ. ಭೂವಿಜ್ಞಾನಿಯ ಊಹೆಗೆ ಸೂಕ್ಷ್ಮದರ್ಶಕ ಸಾಕ್ಷಿ ನುಡಿಯಿತು; ಅದಕ್ಕೆ ಗುದ್ದಲಿ ಜೊತೆಯಾಯಿತು; ಸಸ್ಯವಿಜ್ಞಾನ ಊಟ ತಿಳಿಸಿತು; ಮಾನವಶಾಸ್ತ್ರ ಕಾರಣ ಕೇಳಿತು. ಒಬ್ಬರು ಬಿಟ್ಟ ಪ್ರಶ್ನೆಯನ್ನು ಇನ್ನೊಬ್ಬರು ಎತ್ತಿಕೊಳ್ಳಲು ಸಾಧ್ಯವಾದದ್ದು ದಿಬ್ಬ ಇದ್ದಲ್ಲೇ ಇದ್ದುದರಿಂದ. ಈಗ ಆ ಭರವಸೆಯಿಲ್ಲ. ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿದೆ. ಸಂಗನಕಲ್ಲಿನ ಗುಡ್ಡಗಳಲ್ಲಿ ಕಲ್ಲುಗಣಿಗಾರಿಕೆ ಮಾಡಿದ ಹಾನಿಯನ್ನು ಸಂಶೋಧಕರೇ ದಾಖಲಿಸಿದ್ದಾರೆ. ಅಲ್ಲಿ ಸಿಕ್ಕ ವಸ್ತುಗಳಿಗಾಗಿ ಬಳ್ಳಾರಿಯಲ್ಲಿ ಫೂಟ್‌ನ ಹೆಸರಿನ ವಸ್ತುಸಂಗ್ರಹಾಲಯವಿದೆ. ಆದರೆ ಬೂದಿಯ ಪದರಗಳನ್ನು ಗಾಜಿನ ಪೆಟ್ಟಿಗೆಗೆ ತರಲಾಗದು. ನಾಳೆ ಇನ್ನೂ ಸೂಕ್ಷ್ಮವಾದ ಉಪಕರಣ ಬಂದಾಗ, ಅದು ಪರೀಕ್ಷಿಸಲು ದಿಬ್ಬವೂ ಉಳಿದಿರಬೇಕು.